ಮನೆಯಲ್ಲೇ ಕಟ್ಟಿದ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್: ಕರೆಂಟಿನ ತೊಂದರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಹುಡುಗರು ಕೆಟ್ಟಿದೆ ಎಂದು ನನ್ನ ಬಳಿ ತಂದ ಬೋರ್ಡುಗಳಲ್ಲಿ ಮೋಟರ್ ನಿಜವಾಗಿ ಸುಟ್ಟಿದ್ದನ್ನು ನಾನು ನೋಡಿದ್ದು ಎರಡೇ ಸಲ. ಉಳಿದ ಕಡೆಯೆಲ್ಲ ಹುಳುಕು ಸಿಕ್ಕಿದ್ದು ಒಂದು ಹಸಿ (ಸರಿಯಾಗಿ ಹಿಡಿಯದ) ಬೆಸುಗೆಯಲ್ಲಿ, ಸಡಿಲ ಕನೆಕ್ಟರಿನಲ್ಲಿ, ಬ್ಯಾಟರಿಯ ಹತ್ತು ಗುಂಪುಗಳಲ್ಲಿ ಸೊರಗಿದ ಒಂದೇ ಗುಂಪಿನಲ್ಲಿ, ಅಥವಾ ದಾರದಷ್ಟು ತೆಳುವಾದ ಒಂದು ವೈರಿನಲ್ಲಿ. ಅಷ್ಟರೊಳಗೆ ಹುಡುಗರು ಹೊಸ ಮೋಟರ್ ತರಿಸಿ, ಹೊಸ ಕಂಟ್ರೋಲರ್ ತರಿಸಿ, ಮನೆಯವರಿಂದ ಬೈಸಿಕೊಂಡಿರುತ್ತಾರೆ. ಮೊದಲು ಅಳೆದು ನೋಡಿ, ಆಮೇಲೆ ಬೇಕಿದ್ದರೆ ಬದಲಾಯಿಸಿ.

ಇನ್ನೊಂದು ಮಾತು. ಸ್ಕೇಟ್‌ಬೋರ್ಡಿಗೆ ಸೈಕಲ್ಲಿನ ಹಾಗೆ ಬೇರೆ ಬ್ರೇಕ್ ಇಲ್ಲ, ಮೋಟರೇ ಬ್ರೇಕ್. ಕರೆಂಟ್ ಹೋಯಿತೆಂದರೆ ಬ್ರೇಕೂ ಹೋಯಿತು. ಹಾಗಾಗಿ "ಆಗಾಗ ಒಂಚೂರು ಕಟ್ ಆಗ್ತೈತೆ, ಪರವಾಗಿಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ಭಯವಾಗುತ್ತದೆ.

ಕೆಳಗಿನ ಉತ್ತರಗಳೆಲ್ಲ ನಮ್ಮಲ್ಲಿ ಹೆಚ್ಚಾಗಿ ಕಟ್ಟುವ ಬೋರ್ಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು: 18650 ಅಳತೆಯ ದುಂಡನೆಯ ಲಿಥಿಯಂ ಸೆಲ್‌ಗಳ 36 ವೋಲ್ಟ್ ಬ್ಯಾಟರಿ (ಸರಣಿಯಲ್ಲಿ ಹತ್ತು ಗುಂಪು, ಗುಂಪಿಗೆ ಮೂರು ಸೆಲ್), ಒಂದು ಬಿಎಂಎಸ್ (ಬ್ಯಾಟರಿಯ ಗುಂಪುಗಳನ್ನು ಕಾಯುವ, ಬೇಕಾದಾಗ ಕರೆಂಟ್ ಕಟ್ ಮಾಡುವ ಸರ್ಕ್ಯೂಟ್), ವೆಸ್ಕ್ ಮಾದರಿಯ ಕಂಟ್ರೋಲರ್ (ಬ್ಯಾಟರಿಯ ಕರೆಂಟನ್ನು ಅಳೆದು ಮೋಟರಿಗೆ ಕೊಡುವ ಸರ್ಕ್ಯೂಟ್), ಒಂದೋ ಎರಡೋ ಬ್ರಷ್‌ಲೆಸ್ ಮೋಟರ್, 2.4 ಗಿಗಾಹರ್ಟ್ಸ್ ರಿಮೋಟ್.

ರಿಪೇರಿಗೆ ಏನೇನು ಸಾಮಾನು ಬೇಕು?

ಒಂದು ಮಲ್ಟಿಮೀಟರ್, ದಪ್ಪ ವೈರಿಗೆ ಸಾಲುವಂಥ 60 ವ್ಯಾಟ್‌ಗೆ ಕಡಿಮೆ ಇಲ್ಲದ ಸೋಲ್ಡರಿಂಗ್ ಐರನ್, ಫ್ಲಕ್ಸ್, ಹೀಟ್ ಶ್ರಿಂಕ್, ಗ್ಲೂ ಗನ್. ಜೊತೆಗೆ ಕಾರಿನ 12 ವೋಲ್ಟ್ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಮೂರು. ಬಲ್ಬ್ ಯಾಕೆ ಎಂಬುದು ಮುಂದೆ ಬರುತ್ತದೆ.

ಸೆಲ್‌ಗಳ ನಡುವೆ ಇಡುವ ಇನ್ಸುಲೇಷನ್ ಕಾಗದಕ್ಕೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಬೇಕಿಲ್ಲ. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಯಾವ ಅಂಗಡಿಯಲ್ಲಾದರೂ ಲೆದರಾಯ್ಡ್ ಪೇಪರ್ ಕೇಳಿ, ಕೊಡುತ್ತಾರೆ. ಆ ಮಿಸ್ತ್ರಿಗಳ ಜೊತೆ ಪರಿಚಯ ಇಟ್ಟುಕೊಳ್ಳುವುದೂ ಒಳ್ಳೆಯದು. ಜೀನ್ಸ್ ಹೊಲಿಯುವ ಘಟಕಗಳಲ್ಲಿ ಹೊಲಿಗೆ ಯಂತ್ರದ ಸರ್ವೋ ಮೋಟರ್ ರಿಪೇರಿ ಮಾಡುವವರೂ ನಮ್ಮೂರಲ್ಲಿದ್ದಾರೆ. ಆ ಮೋಟರೂ ನಮ್ಮ ಬೋರ್ಡಿನ ಮೋಟರೂ ಒಂದೇ ಜಾತಿಯವು.

ಕೆಲಸಕ್ಕೆ ಕೂರುವ ಮುಂಚೆ ಉಂಗುರ, ಕಡಗ, ವಾಚು ತೆಗೆದಿಡಿ. 36 ವೋಲ್ಟ್ ಶಾಕ್ ಹೊಡೆದು ಕೊಲ್ಲದಿರಬಹುದು. ಆದರೆ ಬ್ಯಾಟರಿಯ ಎರಡು ತುದಿಗೆ ಕಡಗ ತಾಗಿದರೆ ಅದು ಕೆಂಪಗೆ ಕಾದು ಕೈಯನ್ನೇ ಸುಡುತ್ತದೆ.

ಬೋರ್ಡ್ ಆನ್ ಆಗೋದೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಬ್ಯಾಟರಿಯಿಂದ. ಮೀಟರನ್ನು ಡಿಸಿ 200 ವೋಲ್ಟ್‌ಗೆ ಇಟ್ಟು ಮೊದಲು ಸೆಲ್‌ಗಳ ನೇರ ಎರಡು ತುದಿ ಅಳೆಯಿರಿ, ಆಮೇಲೆ ಬಿಎಂಎಸ್‌ನಿಂದ ಹೊರಗೆ ಬರುವ ವೈರ್, ಆಮೇಲೆ ಸ್ವಿಚ್ಚಿನ ಆಚೆ, ಕೊನೆಗೆ ಕಂಟ್ರೋಲರಿನ ಬಾಯಿ. ಕಾಲುವೆಯ ನೀರು ಎಲ್ಲಿ ನಿಂತಿದೆ ಎಂದು ತೂಬಿನಿಂದ ತೂಬಿಗೆ ನೋಡುತ್ತಾ ಹೋಗುವ ಹಾಗೆ. ವೋಲ್ಟೇಜ್ ಎಲ್ಲಿ ಮಾಯವಾಯಿತೋ ಅದಕ್ಕೂ ಹಿಂದಿನ ಜಾಗಕ್ಕೂ ನಡುವೆ ತೊಂದರೆ.

ಹತ್ತು ಗುಂಪಿನ ಬ್ಯಾಟರಿ ಪೂರ್ತಿ ತುಂಬಿದಾಗ 42 ವೋಲ್ಟ್, ಖಾಲಿಯಾದಾಗ ಸುಮಾರು 30. ಸೆಲ್ ಕಡೆ 37 ತೋರಿಸಿ ಬಿಎಂಎಸ್ ಆಚೆ 5 ಅಥವಾ 8 ಎಂದು ಏನೋ ಅರ್ಧಂಬರ್ಧ ತೋರಿಸಿದರೆ ಬಿಎಂಎಸ್ ಕಟ್ ಮಾಡಿ ಕೂತಿದೆ ಎಂದರ್ಥ. ಒಮ್ಮೆ ಚಾರ್ಜರ್ ಸಿಕ್ಕಿಸಿದರೆ ಹಲವು ಬಿಎಂಎಸ್‌ಗಳು ಎಚ್ಚರಗೊಳ್ಳುತ್ತವೆ. ಆದರೆ ಅದು ಯಾಕೆ ಕಟ್ ಮಾಡಿತು ಎಂದು ತಿಳಿಯುವವರೆಗೆ ಹತ್ತಬೇಡಿ.

ಯಾವುದೇ ಗುಂಪು 2 ವೋಲ್ಟ್‌ಗಿಂತ ಕೆಳಗೆ ಹೋಗಿ ಬಹಳ ದಿನ ಬಿದ್ದಿದ್ದರೆ ಅದನ್ನು ಮತ್ತೆ ಚಾರ್ಜ್ ಮಾಡಬೇಡಿ. ಒಳಗೆ ತಾಮ್ರ ಕರಗಿ, ಚಾರ್ಜ್ ಆಗುವಾಗ ಮತ್ತೆ ಸೂಜಿಯಂತೆ ಕೂತು ಸೆಲ್ಲನ್ನು ಒಳಗೊಳಗೇ ಶಾರ್ಟ್ ಮಾಡುತ್ತದೆ.

ಬ್ಯಾಟರಿ ಪ್ಲಗ್ ಸಿಕ್ಕಿಸುವಾಗ ಟಪ್ ಅಂತ ಕಿಡಿ ಬರ್ತೈತೆ. ಶಾರ್ಟ್ ಆಗೈತೇನು?

ಒಂದೇ ಕ್ಷಣದ ಕಿಡಿಯಾದರೆ ಶಾರ್ಟ್ ಅಲ್ಲ. ಕಂಟ್ರೋಲರಿನೊಳಗಿನ ದೊಡ್ಡ ಕೆಪಾಸಿಟರ್‌ಗಳು ಖಾಲಿ ಇರುತ್ತವೆ, ಬ್ಯಾಟರಿ ತಾಗಿದ ಕೂಡಲೇ ಗಬಗಬ ಕುಡಿಯುತ್ತವೆ. ಆದರೂ ದಿನಾ ಹೀಗಾದರೆ ಪ್ಲಗ್ಗಿನ ತುದಿ ಕಪ್ಪಾಗಿ ಹಿಡಿತ ಸಡಿಲಾಗುತ್ತದೆ. ಒಳಗೆ ರೆಸಿಸ್ಟರ್ ಇರುವ, ಹಸಿರು ಉಂಗುರದ ಎಕ್ಸ್‌ಟಿ-90 ಆಂಟಿಸ್ಪಾರ್ಕ್ ಕನೆಕ್ಟರ್ ಹಾಕಿ. ಅದನ್ನು ಹಂತ ಹಂತವಾಗಿ ಒತ್ತಬೇಕು: ಮೊದಲು ಅರ್ಧ, ಒಂದು ಉಸಿರು ತಡೆದು ಪೂರ್ತಿ. ಅಗ್ಗದ ಎಲೆಕ್ಟ್ರಾನಿಕ್ ಆಂಟಿಸ್ಪಾರ್ಕ್ ಸ್ವಿಚ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ. ಅವು ಕೆಟ್ಟರೆ ಸವಾರಿಯ ನಡುವೆಯೇ ಕೆಡುತ್ತವೆ.

ಕಿಡಿ ನಿಲ್ಲದೆ ಬರುತ್ತಲೇ ಇದ್ದರೆ, ವೈರ್ ಬಿಸಿಯಾದರೆ, ಅದು ನಿಜವಾದ ಶಾರ್ಟ್. ತಕ್ಷಣ ಎಳೆದುಬಿಡಿ.

ಚೆನ್ನಾಗಿ ಹೋಗ್ತಾ ಇರ್ತೈತೆ. ಜೋರು ಮಾಡಿದ ಕೂಡ್ಲೆ ಬಂದ್ ಆಗ್ತೈತೆ. ಇಳಿದು ನೋಡಿದ್ರೆ ವೋಲ್ಟೇಜ್ ಸರಿಯಾಗೇ ಐತೆ. ಯಾಕೆ ಹೀಗೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಜನ ಸುಮ್ಮನೆ ದುಡ್ಡು ಕಳೆದುಕೊಳ್ಳುವುದೂ ಇಲ್ಲೇ ಹೆಚ್ಚು.

ನಿಂತಾಗ ಅಳೆದ ವೋಲ್ಟೇಜ್ ಬ್ಯಾಟರಿಯ ಕಸುವನ್ನು ಹೇಳುವುದಿಲ್ಲ. ಖಾಲಿ ಕೈಯಲ್ಲಿ ನಿಂತ ಹಮಾಲಿಯನ್ನು ನೋಡಿ ಅವನು ಎಷ್ಟು ಮೂಟೆ ಹೊರುತ್ತಾನೆಂದು ಹೇಳಲಾಗದು, ಭಾರ ಹೊರಿಸಿ ನೋಡಬೇಕು. ಪ್ರತಿ ಸೆಲ್ಲಿನೊಳಗೂ ಒಂದಿಷ್ಟು ಪ್ರತಿರೋಧ ಇರುತ್ತದೆ. ಒಳ್ಳೆಯ ಸೆಲ್‌ಗೆ 20 ಮಿಲಿಓಮ್ ಎಂದಿಟ್ಟುಕೊಳ್ಳಿ. ಮೂರು ಸೆಲ್‌ನ ಹತ್ತು ಗುಂಪಿಗೆ ಒಟ್ಟು ಸುಮಾರು 67 ಮಿಲಿಓಮ್. 30 ಆಂಪ್ ಎಳೆದಾಗ ಬ್ಯಾಟರಿಯೊಳಗೇ 2 ವೋಲ್ಟ್ ಕುಸಿಯುತ್ತದೆ. ಅಷ್ಟು ಸಹಜ. ಒಂದು ಗುಂಪು ಸೊರಗಿದ್ದರೆ ಅದೊಂದೇ ಉಳಿದವಕ್ಕಿಂತ ಬಹಳ ಹೆಚ್ಚು ಕುಸಿಯುತ್ತದೆ. ಉಳಿದ ಒಂಬತ್ತು 3.6ರಲ್ಲಿ ನಗುತ್ತಿರುವಾಗ ಆ ಒಂದು ಗುಂಪು 2.7ಕ್ಕೆ ಇಳಿದಿರುತ್ತದೆ, ಬಿಎಂಎಸ್ ಅದನ್ನು ನೋಡಿ ಇಡೀ ಬೋರ್ಡನ್ನೇ ಬಂದ್ ಮಾಡುತ್ತದೆ. ಭಾರ ಇಳಿದ ಕೂಡಲೇ ವೋಲ್ಟೇಜ್ ಮೇಲೆದ್ದು ಎಲ್ಲ ಸರಿ ಇದ್ದಂತೆ ಕಾಣುತ್ತದೆ.

ಬಲ್ಬ್ ಬೇಕಾಗುವುದು ಈಗ. ಮೂರು ಹೆಡ್‌ಲೈಟ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ ಬ್ಯಾಟರಿಗೆ ಕೊಡಿ. ಸುಮಾರು 4.5 ಆಂಪ್ ಎಳೆಯುತ್ತವೆ. ಕಲ್ಲಿನ ಮೇಲಿಡಿ, ಮುಟ್ಟಿದರೆ ಸುಡುತ್ತವೆ. ಉರಿಯುತ್ತಿರುವಾಗಲೇ ಬಿಎಂಎಸ್‌ನ ಬ್ಯಾಲೆನ್ಸ್ ಕನೆಕ್ಟರಿನಲ್ಲಿ (ಪ್ರತಿ ಗುಂಪಿನಿಂದ ತೆಳು ವೈರ್ ಬಂದು ಸೇರುವ ಪ್ಲಗ್) ಒಂದೊಂದೇ ಗುಂಪಿನ ವೋಲ್ಟೇಜ್ ಅಳೆದು ಕಾಗದದ ಮೇಲೆ ಬರೆಯುತ್ತಾ ಹೋಗಿ. ಬರೆಯಲೇಬೇಕು, ಹತ್ತು ಅಂಕಿ ತಲೆಯಲ್ಲಿ ನಿಲ್ಲುವುದಿಲ್ಲ. ಬಲ್ಬ್ ಆರಿಸಿ ಮತ್ತೊಮ್ಮೆ ಬರೆಯಿರಿ. ಯಾವ ಗುಂಪಿನಲ್ಲಿ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಉಳಿದವಕ್ಕಿಂತ ಎದ್ದು ಕಾಣುತ್ತದೋ ಅದೇ ಕಳ್ಳ. ಮೀಟರಿನ ಕಡ್ಡಿಗಳು ಒಂದಕ್ಕೊಂದು ತಾಗದಂತೆ ತುದಿಯಲ್ಲಿ ಒಂದೆರಡು ಮಿಲಿಮೀಟರ್ ಮಾತ್ರ ಬಿಟ್ಟು ಟೇಪ್ ಸುತ್ತಿಕೊಳ್ಳಿ.

ಎಲ್ಲ ಗುಂಪೂ ಸಮ ಇದ್ದರೆ ಬೆಸುಗೆಗಳ ಕಡೆ ಬನ್ನಿ. ಮೀಟರನ್ನು 2000 ಮಿಲಿವೋಲ್ಟ್ ಸ್ಥಾನಕ್ಕೆ ಇಟ್ಟು, ಬಲ್ಬ್ ಉರಿಯುವಾಗ ಒಂದು ಕಡ್ಡಿ ಬೆಸುಗೆಯ ಈಚೆ, ಇನ್ನೊಂದು ಆಚೆ ಹಿಡಿಯಿರಿ. ಒಳ್ಳೆಯ ಬೆಸುಗೆ ನಾಲ್ಕೈದು ಮಿಲಿವೋಲ್ಟ್ ಮೀರುವುದಿಲ್ಲ. 200 ದಾಟಿದರೆ ಆ ಬೆಸುಗೆಯಲ್ಲಿ 50 ಮಿಲಿಓಮ್‌ನಷ್ಟು ಪ್ರತಿರೋಧ ಕೂತಿದೆ. 50 ಮಿಲಿಓಮ್ ಏನು ಮಹಾ ಎನ್ನಬೇಡಿ. 30 ಆಂಪ್ ಹರಿಯುವಾಗ ಅಲ್ಲಿ 45 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯ ಸಾದಾ ಸೋಲ್ಡರಿಂಗ್ ಐರನ್ 25 ವ್ಯಾಟ್‌ದು. ನಿಮ್ಮ ಕಾಲಡಿಯ ಡಬ್ಬಿಯೊಳಗೆ ಅಂಥ ಎರಡು ಐರನ್ ಹಚ್ಚಿಟ್ಟು ಸವಾರಿ ಹೊರಟ ಹಾಗೆ. ತವರ ಮೆತ್ತಗಾಗಿ ಸಂಪರ್ಕ ಬಿಡುತ್ತದೆ, ಬೋರ್ಡ್ ನಿಲ್ಲುತ್ತದೆ, ತಣ್ಣಗಾದ ಮೇಲೆ ಮತ್ತೆ ಹಿಡಿದುಕೊಳ್ಳುತ್ತದೆ. ಕಂಟಿನ್ಯುಟಿ ಬೀಪ್‌ನಲ್ಲಿ ಇದು ಎಂದೂ ಸಿಗುವುದಿಲ್ಲ. ಹಸಿ ಬೆಸುಗೆಗೂ ಮೀಟರ್ ಬೀಪ್ ಎನ್ನುತ್ತದೆ.

ಹಲಗೆ ಬಾಗುವ ಬೋರ್ಡಾದರೆ ಗುಂಪಿನಿಂದ ಗುಂಪಿಗೆ ಹೋಗುವ ನಿಕ್ಕಲ್ ಪಟ್ಟಿಯನ್ನೂ ನೋಡಿ. ನಮ್ಮ ರಸ್ತೆಯ ಕುಣಿಗೆ ಪಟ್ಟಿ ದಿನಾ ಬಾಗಿ ಬಾಗಿ ಬಿರಿಯುತ್ತದೆ. ಆ ಜಾಗಗಳಲ್ಲಿ ಪಟ್ಟಿ ತೆಗೆದು ಸಿಲಿಕಾನ್ ಹೊದಿಕೆಯ ಮೆತ್ತನೆ ವೈರ್ ಹಾಕಬೇಕು.

ಫುಲ್ ಚಾರ್ಜ್ ಮಾಡ್ಕೊಂಡು ಇಳಿಜಾರಲ್ಲಿ ಬ್ರೇಕ್ ಹಿಡಿದೆ. ಬ್ರೇಕ್ ಹತ್ತಲೇ ಇಲ್ಲ. ಹೀಗೂ ಆಗ್ತದಾ?

ಆಗುತ್ತದೆ, ನನಗೇ ಆಗಿದೆ. ಕೋಟೆಯ ಬದಿಯ ಒಂದು ಇಳಿಜಾರು. ಬೆಳಿಗ್ಗೆಯಷ್ಟೇ ಚಾರ್ಜರಿನಿಂದ ಬಿಚ್ಚಿದ ಬೋರ್ಡ್. ಬ್ರೇಕ್ ಒತ್ತಿದೆ, ಅರೆಕ್ಷಣ ಹಿಡಿಯಿತು, ಆಮೇಲೆ ಕೈಬಿಟ್ಟ ಗಾಳಿಪಟದ ಹಾಗೆ ಬಿಟ್ಟುಕೊಂಡಿತು. ಪಕ್ಕದ ಮಣ್ಣಿಗೆ ಹಾರಿಕೊಂಡೆ. ಮೊಣಕೈಯ ಗಾಯ ಮಾಯಲು ಮೂರು ವಾರ ಹಿಡಿಯಿತು. ಆ ಗಳಿಗೆಯಲ್ಲಿ ಎದುರಿಗೆ ಟ್ರಾಕ್ಟರ್ ಬರುತ್ತಿರಲಿಲ್ಲ ಎಂಬುದೊಂದೇ ಸಮಾಧಾನ.

ಕಾರಣ ಇಷ್ಟು. ಬ್ರೇಕ್ ಒತ್ತಿದಾಗ ಮೋಟರ್ ಜನರೇಟರ್ ಆಗಿ ಕರೆಂಟನ್ನು ಬ್ಯಾಟರಿಗೆ ಹಿಂದಕ್ಕೆ ತಳ್ಳುತ್ತದೆ. ಬ್ಯಾಟರಿ ಆಗಲೇ 42 ವೋಲ್ಟ್‌ನಲ್ಲಿ ತುಂಬಿ ತುಳುಕುತ್ತಿದೆ. 10 ಆಂಪ್ ಹಿಂದಕ್ಕೆ ಬಂದರೆ, ಬ್ಯಾಟರಿ ಮತ್ತು ವೈರಿನ ಪ್ರತಿರೋಧ ಸೇರಿ 0.1 ಓಮ್ ಎಂದರೂ ವೋಲ್ಟೇಜ್ 43ಕ್ಕೆ ಏರುತ್ತದೆ. ಅಂದರೆ ಸೆಲ್‌ಗೆ 4.3ರ ಹತ್ತಿರ. ಅನೇಕ ಬಿಎಂಎಸ್‌ಗಳು 4.25ರ ಆಸುಪಾಸಿನಲ್ಲಿ ಚಾರ್ಜ್ ದಾರಿಯನ್ನು ಮುಚ್ಚುತ್ತವೆ. ಚಾರ್ಜಿಗೂ ಮೋಟರಿಗೂ ಒಂದೇ ವೈರ್ ಇರುವ ಬಿಎಂಎಸ್ ಆದರೆ ಬ್ರೇಕಿನ ಕರೆಂಟಿಗೆ ಹೋಗಲು ದಾರಿಯೇ ಇಲ್ಲ. ತುಂಬಿದ ತುಂಗಭದ್ರಾ ಅಣೆಕಟ್ಟಿಗೆ ನೀರು ಹೊರಬಿಡಲು ಕ್ರಸ್ಟ್ ಗೇಟ್ ಇದೆ, ನಮ್ಮ ಬ್ಯಾಟರಿಗೆ ಇಲ್ಲ.

ಪರಿಹಾರ ಮೂರು, ಮೂರನ್ನೂ ಮಾಡಿ. ಇಳಿಜಾರಿನ ಮೇಲೆ ಮನೆ ಇದ್ದವರು, ಸಂಡೂರಿನ ಕಡೆ ಗುಡ್ಡದ ರಸ್ತೆಯಿಂದ ಹೊರಡುವವರು 41 ವೋಲ್ಟ್‌ಗೇ ಚಾರ್ಜ್ ನಿಲ್ಲಿಸಿ. ಕಂಟ್ರೋಲರಿನಲ್ಲಿ ಬ್ಯಾಟರಿಗೆ ಹಿಂದಿರುಗುವ ಕರೆಂಟಿನ ಮಿತಿಯನ್ನು ಸೆಲ್ ತಾಳುವಷ್ಟಕ್ಕೆ ಇಡಿ. ಒಂದು ಸೆಲ್ 4 ಆಂಪ್ ಚಾರ್ಜ್ ತಾಳುತ್ತದಾದರೆ ಮೂರಕ್ಕೆ 12, ಅದಕ್ಕಿಂತ ಹೆಚ್ಚಿಲ್ಲ. ಮೂರನೆಯದು, ಬಿಎಂಎಸ್ಸನ್ನು ಚಾರ್ಜಿಗೆ ಮಾತ್ರ ಬಳಸಿ ಮೋಟರಿನ ದಾರಿಯನ್ನು ನೇರ ಬ್ಯಾಟರಿಯಿಂದ ಫ್ಯೂಸ್ ಮೂಲಕ ತೆಗೆಯಿರಿ. ಆಗ ಕಡಿಮೆ ವೋಲ್ಟೇಜಿನ ಕಾವಲು ಕಂಟ್ರೋಲರಿನದು: 34 ವೋಲ್ಟ್‌ನಿಂದ ನಿಧಾನ ಮಾಡುತ್ತಾ 31ಕ್ಕೆ ನಿಲ್ಲಿಸುವ ಹಾಗೆ ಇಡಿ. ಏಕಾಏಕಿ ಕಟ್ ಆಗುವುದಕ್ಕಿಂತ ಬೋರ್ಡ್ ಸುಸ್ತಾಗುತ್ತಾ ಬರುವುದು ಎಷ್ಟೋ ಮೇಲು, ಬ್ರೇಕ್ ಕೈಯಲ್ಲಿರುತ್ತದೆ. ಆದರೆ ಹೀಗೆ ಮಾಡಿದ ಮೇಲೆ ಗುಂಪುಗಳ ವೋಲ್ಟೇಜನ್ನು ತಿಂಗಳಿಗೊಮ್ಮೆಯಾದರೂ ನೀವೇ ಅಳೆಯಬೇಕು, ಕಾಯುವವರು ಬೇರೆ ಯಾರೂ ಇಲ್ಲ.

ಕಾಲನ್ನು ನೆಲಕ್ಕೆ ಉಜ್ಜಿ ನಿಲ್ಲಿಸುವುದನ್ನು ಕಲಿಯದೆ ಯಾರೂ ಇಳಿಜಾರಿಗೆ ಹೋಗಬಾರದು.

ಮೋಟರ್ ತಿರುಗೋ ಬದಲು ಗಡಗಡ ನಡುಗ್ತೈತೆ. ಕಾಲಿಂದ ತಳ್ಳಿದ್ರೆ ಆಮೇಲೆ ಸರಿಯಾಗಿ ಓಡ್ತೈತೆ.

ತಳ್ಳಿದ ಮೇಲೆ ಓಡುತ್ತದೆ ಎಂದರೆ ಮೋಟರೂ ಕಂಟ್ರೋಲರೂ ಬದುಕಿವೆ, ಹಾಲ್ ಸೆನ್ಸರ್ ಸತ್ತಿದೆ. ನಿಂತಾಗ ರೋಟರ್ ಎಲ್ಲಿದೆ ಎಂದು ಕಂಟ್ರೋಲರಿಗೆ ಹೇಳುವುದು ಆ ಮೂರು ಸೆನ್ಸರ್‌ಗಳೇ. ಬಹಳ ಸಲ ಸೆನ್ಸರ್ ಕೂಡ ಕೆಟ್ಟಿರುವುದಿಲ್ಲ, ಅದರ ತೆಳು ವೈರ್ ಟ್ರಕ್ಕಿನ (ಹಲಗೆಯಡಿ ಚಕ್ರಗಳನ್ನು ಹಿಡಿದಿರುವ ಲೋಹದ ಭಾಗ) ಬಳಿ ಬಾಗಿ ಬಾಗಿ ಪ್ಲಾಸ್ಟಿಕ್ಕಿನೊಳಗೇ ತುಂಡಾಗಿರುತ್ತದೆ. ಮೆಲ್ಲಗೆ ಎಳೆದು ನೋಡಿ, ತುಂಡಾದ ಜಾಗದಲ್ಲಿ ಹೊದಿಕೆ ರಬ್ಬರಿನ ಹಾಗೆ ಹಿಗ್ಗುತ್ತದೆ.

ಅಳೆಯುವುದು ಸುಲಭ. ಕಂಟ್ರೋಲರ್ ಆನ್ ಇರಲಿ. ಸೆನ್ಸರ್ ಪ್ಲಗ್ಗಿನ ಕೆಂಪಿಗೂ ಕಪ್ಪಿಗೂ ನಡುವೆ 5 ವೋಲ್ಟ್ ಇರಬೇಕು. ಕಪ್ಪಿನ ಮೇಲೆ ಒಂದು ಕಡ್ಡಿ ಇಟ್ಟು ಇನ್ನೊಂದನ್ನು ಮೂರು ಸಿಗ್ನಲ್ ವೈರ್‌ಗಳಿಗೆ ಸರದಿಯಂತೆ ಹಿಡಿದು ಚಕ್ರವನ್ನು ಇಂಚಿಂಚಾಗಿ ತಿರುಗಿಸಿ. ಪ್ರತಿ ವೈರೂ ಒಮ್ಮೆ ಸೊನ್ನೆ, ಒಮ್ಮೆ ಮೇಲೆ, ಹೀಗೆ ಬದಲಾಗುತ್ತಿರಬೇಕು. 14 ಮ್ಯಾಗ್ನೆಟ್‌ನ ಮೋಟರಾದರೆ ಮೋಟರಿನ ಒಂದು ಸುತ್ತಿಗೆ ಏಳು ಸಲ. ಒಂದು ವೈರ್ ಅಲ್ಲಾಡದೆ ನಿಂತಿದ್ದರೆ ಅದರ ಸೆನ್ಸರೋ ವೈರೋ ಹೋಗಿದೆ. ವೈರ್‌ಗಳ ಬಣ್ಣ ತಯಾರಕರಿಂದ ತಯಾರಕರಿಗೆ ಬೇರೆ, ಆದ್ದರಿಂದ ಕಂಟ್ರೋಲರಿನ ನಕ್ಷೆ ನೋಡಿಯೇ ಕಡ್ಡಿ ಇಡಿ.

ತಳ್ಳಿದರೂ ಓಡದೆ ನಡುಗುತ್ತಲೇ ಇದ್ದರೆ ಕಂಟ್ರೋಲರಿನಿಂದ ಮೋಟರಿಗೆ ಹೋಗುವ ಮೂರು ದಪ್ಪ ಫೇಸ್ ವೈರ್‌ಗಳಲ್ಲಿ ಒಂದು ಬಿಟ್ಟಿದೆ. ಮೋಟರನ್ನು ಕಂಟ್ರೋಲರಿನಿಂದ ಬಿಚ್ಚಿ. ಎರಡೆರಡು ವೈರ್ ತಾಗಿಸಿ ಕೈಯಲ್ಲಿ ತಿರುಗಿಸಿ: ಮೂರು ಜೋಡಿಯಲ್ಲೂ ಒಂದೇ ಸಮ ಬಿಗಿ ಸಿಗಬೇಕು. ಒಂದು ವೈರ್ ಸೇರಿದ ಎರಡೂ ಜೋಡಿ ಸಲೀಸಾಗಿ ತಿರುಗಿದರೆ ಆ ವೈರೇ ತುಂಡಾಗಿದೆ.

ಏನೂ ತಾಗಿಸದೆ, ಬ್ಯಾಟರಿ ಬಿಚ್ಚಿಟ್ಟಾಗಲೂ ಚಕ್ರ ಬಿಗಿಯಾಗಿ ಕಟ್ ಕಟ್ ಅಂತ ತಿರುಗ್ತೈತೆ.

ಮೋಟರಿನ ಮೂರು ವೈರನ್ನು ಕಂಟ್ರೋಲರಿನಿಂದ ಬಿಚ್ಚಿ ಮತ್ತೆ ತಿರುಗಿಸಿ. ಈಗ ಹಗುರವಾದರೆ ಕಂಟ್ರೋಲರಿನ ಮಾಸ್ಫೆಟ್ (ಕರೆಂಟನ್ನು ಬಿಡುವ, ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್) ಒಂದು ಶಾರ್ಟ್ ಆಗಿದೆ. ಬಿಚ್ಚಿದ ಮೇಲೂ ಬಿಗಿಯಿದ್ದರೆ ಮೋಟರಿನೊಳಗೆ ವೈಂಡಿಂಗ್ ಶಾರ್ಟ್, ಇಲ್ಲವೇ ಬೇರಿಂಗ್. ಶಾರ್ಟ್ ಆದ ಕಂಟ್ರೋಲರಿಗೆ "ಒಮ್ಮೆ ನೋಡೋಣ" ಎಂದು ಬ್ಯಾಟರಿ ಕೊಡಬೇಡಿ.

ಮೋಟರ್ ಉಲ್ಟಾ ತಿರುಗ್ತೈತೆ.

ಮೂರರಲ್ಲಿ ಯಾವುದಾದರೂ ಎರಡು ಫೇಸ್ ವೈರ್ ಅದಲು ಬದಲು ಮಾಡಿ, ಇಲ್ಲವೇ ಸೆಟ್ಟಿಂಗಿನಲ್ಲಿ ದಿಕ್ಕು ಬದಲಿಸಿ. ವೈರ್ ಬದಲಿಸಿದರೆ ಮೋಟರ್ ಡಿಟೆಕ್ಷನ್ (ಕಂಟ್ರೋಲರ್ ತಾನೇ ಮೋಟರನ್ನು ಅಳೆದು ಗುರುತಿಸುವ ಸೆಟ್ಟಿಂಗ್) ಮತ್ತೊಮ್ಮೆ ಓಡಿಸಲೇಬೇಕು.

ವೆಸ್ಕ್‌ನಲ್ಲಿ ಫಾಲ್ಟ್ ಬಂತು ಅಂತಾರಲ್ಲ, ಅದನ್ನ ಹೇಗೆ ಓದೋದು?

ಸ್ವೀಡನ್ನಿನ ಬೆಂಜಮಿನ್ ವೆಡ್ಡರ್ ತಮ್ಮ ವೆಸ್ಕ್ ಕಂಟ್ರೋಲರಿನ ವಿನ್ಯಾಸವನ್ನೂ ತಂತ್ರಾಂಶವನ್ನೂ ಎಲ್ಲರಿಗೂ ತೆರೆದಿಟ್ಟರು. ಅವರ ಆ ಧಾರಾಳತನದಿಂದಲೇ ನಮ್ಮಂಥವರು ಊರಲ್ಲಿ ಕೂತು ಇಂಥದ್ದನ್ನು ಕಟ್ಟಲು ಸಾಧ್ಯವಾಗಿದೆ. ತೊಂದರೆ ಬಂದ ತಕ್ಷಣ ಬೋರ್ಡನ್ನು ಆಫ್ ಮಾಡದೆ ಲ್ಯಾಪ್‌ಟಾಪ್ ಅಥವಾ ಫೋನ್ ಜೋಡಿಸಿ, ವೆಸ್ಕ್ ಟೂಲ್ ಎಂಬ ಅದರ ತಂತ್ರಾಂಶದ ಟರ್ಮಿನಲ್‌ನಲ್ಲಿ faults ಎಂದು ಟೈಪ್ ಮಾಡಿ. ಆಫ್ ಮಾಡಿದರೆ ಪಟ್ಟಿ ಅಳಿಸಿಹೋಗುತ್ತದೆ, ಆಮೇಲೆ ಊಹೆಯೇ ಗತಿ.

ಅಂಡರ್ ವೋಲ್ಟೇಜ್ ಎಂದರೆ ಬ್ಯಾಟರಿ ಅಥವಾ ಬೆಸುಗೆ. ಓವರ್ ವೋಲ್ಟೇಜ್ ಎಂದರೆ ಬ್ರೇಕಿನ ಕರೆಂಟಿಗೆ ದಾರಿ ಸಿಗದೆ ವೋಲ್ಟೇಜ್ ಮೇಲೆ ಹಾರಿದೆ, ಬಿಎಂಎಸ್ ಕಡೆ ನೋಡಿ. ಆಬ್ಸಲ್ಯೂಟ್ ಓವರ್ ಕರೆಂಟ್ ಬಂದರೆ ಫೇಸ್ ವೈರ್ ಸಡಿಲವಿದೆಯೇ, ಡಿಟೆಕ್ಷನ್ ತಪ್ಪಾಗಿದೆಯೇ ನೋಡಿ. ಡಿಆರ್‌ವಿ ಎಂದು ಮತ್ತೆ ಮತ್ತೆ ಬಂದರೆ ಮಾಸ್ಫೆಟ್ ಓಡಿಸುವ ಚಿಪ್ಪೇ ಕೆಟ್ಟಿರುವ ಸಂಭವ ಹೆಚ್ಚು, ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ರಿಮೋಟ್ ಸಿಗ್ನಲ್ ಆಗಾಗ ಕಟ್ ಆಗ್ತೈತೆ.

ಮೊದಲು ರಿಸೀವರಿನಿಂದ ಕಂಟ್ರೋಲರಿಗೆ ಹೋಗುವ ಮೂರು ವೈರಿನ ಪ್ಲಗ್ ನೋಡಿ. ಕುಣಿಗೆ ಅದು ಕೂದಲೆಳೆಯಷ್ಟು ಹೊರಗೆ ಬಂದರೂ ಸಿಗ್ನಲ್ ಹೋಗುತ್ತದೆ. ಗ್ಲೂ ಗನ್ನಿನ ಒಂದು ಹನಿ ಸಾಕು. ಆಮೇಲೆ ಆಂಟೆನಾ. ಅದನ್ನು ಫೇಸ್ ವೈರ್‌ಗಳ ಪಕ್ಕ ಮಡಚಿಡಬೇಡಿ, ಅಲ್ಯೂಮಿನಿಯಂ ತಗಡಿನ ಡಬ್ಬಿಯೊಳಗೆ ಮುಚ್ಚಬೇಡಿ. 2.4 ಗಿಗಾಹರ್ಟ್ಸ್ ಅಲೆಗೆ ಲೋಹವೂ ಕಾರ್ಬನ್ ಫೈಬರೂ ಗೋಡೆ, ನೀರು ತುಂಬಿದ ನಮ್ಮ ದೇಹವೂ ಅಡ್ಡಿಯೇ.

ಒಂದು ಪರೀಕ್ಷೆಯನ್ನು ಮಾತ್ರ ಎಂದೂ ಬಿಡಬೇಡಿ. ಬೋರ್ಡನ್ನು ಮಗುಚಿಟ್ಟು ಚಕ್ರ ನಿಧಾನ ತಿರುಗುವಷ್ಟು ಒತ್ತಿ ಹಿಡಿದು ರಿಮೋಟನ್ನು ಆಫ್ ಮಾಡಿ. ಸುಮಾರು ಒಂದು ಸೆಕೆಂಡಿನೊಳಗೆ ಮೋಟರಿಗೆ ಹೋಗುವ ಕರೆಂಟ್ ನಿಲ್ಲಬೇಕು. ತಿರುಗುತ್ತಲೇ ಇದ್ದರೆ ಫೇಲ್‌ಸೇಫ್ ಇಲ್ಲ, ಆ ಬೋರ್ಡ್ ಮೇಲೆ ಕಾಲಿಡಬೇಡಿ.

ಚಾರ್ಜ್ 40 ವೋಲ್ಟಿಗೇ ನಿಂತುಬಿಡ್ತೈತೆ, ಹಸಿರು ಲೈಟ್ ಬರ್ತೈತೆ.

ಚಾರ್ಜರ್ ಖಾಲಿ ಇದ್ದಾಗ 42 ಕೊಡುತ್ತದೆಯೇ ನೋಡಿ. ಕೊಡುತ್ತದಾದರೆ ಗುಂಪುಗಳನ್ನು ಅಳೆಯಿರಿ. ಒಂದು 4.2 ಮುಟ್ಟಿ ಉಳಿದವು 3.9, 4.0ರಲ್ಲಿ ಇರುತ್ತವೆ, ಬಿಎಂಎಸ್ ಆ ಒಂದನ್ನು ಉಳಿಸಲು ಎಲ್ಲವನ್ನೂ ನಿಲ್ಲಿಸಿದೆ. ಚಾರ್ಜರನ್ನು ಹಾಗೇ ಬಿಟ್ಟರೆ ಬಿಎಂಎಸ್ ತುಂಬಿದ ಗುಂಪಿನಿಂದ ಸೋರಿಸಿ ಎಲ್ಲವನ್ನೂ ಸಮ ಮಾಡುತ್ತದೆ, ಆದರೆ ಸಾದಾ ಬಿಎಂಎಸ್ ಸುಮಾರು 50 ಮಿಲಿಆಂಪ್‌ನಷ್ಟೇ ಸೋರಿಸಬಲ್ಲದು. ಅರ್ಧ ಆಂಪ್ ಅವರ್ ವ್ಯತ್ಯಾಸಕ್ಕೆ ಹತ್ತು ಗಂಟೆ. ಹಗಲಲ್ಲಿ, ಕಣ್ಣೆದುರಿಗೆ, ಎರಡು ಮೂರು ದಿನ ಮಾಡಿ. ಒಂದೇ ಒಂದು ಗುಂಪು ಕೆಳಗಿದ್ದರೆ ಟಿಪಿ4056 ಎಂಬ ಪುಟ್ಟ ಒಂದು ಆಂಪ್ ಚಾರ್ಜರ್ ಬೋರ್ಡಿನಿಂದ ಆ ಗುಂಪಿಗಷ್ಟೇ ತುಂಬಿಸಬಹುದು, ಆಗ ದೊಡ್ಡ ಚಾರ್ಜರ್ ಬಿಚ್ಚಿರಲಿ.

ಸರಿಮಾಡಿದ ವಾರಕ್ಕೇ ಅದೇ ಗುಂಪು ಮತ್ತೆ ಇಳಿದರೆ ಅದರಲ್ಲೊಂದು ಸೆಲ್ ಒಳಗೇ ಸೋರುತ್ತಿದೆ. ಆ ಗುಂಪನ್ನು ತೆಗೆಯಿರಿ.

ಮನೆಯಲ್ಲಿ 36 ವೋಲ್ಟಿನ ಹಳೇ ಇ-ಬೈಕ್ ಚಾರ್ಜರ್ ಐತೆ, ಹಾಕಬಹುದಾ?

ಲೆಡ್ ಆಸಿಡ್ ಬ್ಯಾಟರಿಯದಾದರೆ ಬೇಡವೇ ಬೇಡ. ಮೇಲೆ 36 ಎಂದು ಬರೆದಿದ್ದರೂ ಅದು 44 ವೋಲ್ಟ್‌ವರೆಗೆ ಏರುತ್ತದೆ. ನಮಗೆ ಬೇಕಾದ್ದು 42ಕ್ಕೆ ನಿಲ್ಲುವ ಲಿಥಿಯಂ ಚಾರ್ಜರ್.

ನಮ್ಮ ಬೇಸಿಗೆಯಲ್ಲಿ ಓಡಿಸಬಹುದಾ?

ಓಡಿಸಬಹುದು, ಚಾರ್ಜ್ ಮಾಡುವುದರಲ್ಲಿ ಜಾಗ್ರತೆ ಬೇಕು. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ಲನ್ನು 45 ಡಿಗ್ರಿಗಿಂತ ಬಿಸಿಯಲ್ಲಿ ಚಾರ್ಜ್ ಮಾಡಬಾರದು, 60 ಮೀರಿ ಓಡಿಸಬಾರದು. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರುಗಳ ನೆರಳೇ 40 ದಾಟುತ್ತದೆ. ಡಾಂಬರಿನಿಂದ ಒಂದು ಗೇಣು ಮೇಲೆ, ಕಪ್ಪು ಡಬ್ಬಿಯೊಳಗೆ, ಕರೆಂಟ್ ಎಳೆಯುತ್ತಿರುವ ಸೆಲ್ ಎಷ್ಟು ಬಿಸಿಯಾದೀತು ನೀವೇ ಲೆಕ್ಕ ಹಾಕಿ. ಬಂದ ಕೂಡಲೇ ಚಾರ್ಜರ್ ಸಿಕ್ಕಿಸುವ ಅಭ್ಯಾಸ ಬಿಡಿ. ಸಂಜೆ ಓಡಿಸಿ, ರಾತ್ರಿ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಐದು ಆರಕ್ಕೆ ಎದ್ದು ಚಾರ್ಜಿಗೆ ಹಾಕಿ. ಶಹಾಬಾದ್ ಕಲ್ಲಿನ ನೆಲದ ಮೇಲೆ, ಹಾಸಿಗೆ, ಬಟ್ಟೆ, ಗ್ಯಾಸ್ ಸಿಲಿಂಡರುಗಳಿಂದ ದೂರ.

ಬಿಸಿಲಲ್ಲಿ ಬೋರ್ಡ್ ತನ್ನಷ್ಟಕ್ಕೆ ನಿಧಾನವಾದರೆ ಅದು ಕೆಟ್ಟಿಲ್ಲ. ವೆಸ್ಕ್‌ನ ಮೂಲ ಸೆಟ್ಟಿಂಗಿನಲ್ಲಿ ಮಾಸ್ಫೆಟ್ 85 ಡಿಗ್ರಿ ದಾಟಿದರೆ ಕರೆಂಟ್ ಇಳಿಸುತ್ತಾ 100ಕ್ಕೆ ನಿಲ್ಲಿಸುತ್ತದೆ. ಆ ಅಂಕಿ ಏರಿಸಬೇಡಿ, ಕಂಟ್ರೋಲರನ್ನು ಅಲ್ಯೂಮಿನಿಯಂ ತಟ್ಟೆಗೆ ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿ, ತಟ್ಟೆ ಹೊರಗಿನ ಗಾಳಿಗೆ ತೆರೆದಿರಲಿ.

ಅದಿರಿನ ಧೂಳಿನಿಂದ ಶಾರ್ಟ್ ಆಗ್ತದಾ?

ಧೂಳಿನಲ್ಲಿ ಎರಡು ಬಗೆ. ಲಾರಿಗಳು ಉದುರಿಸುವ ಕೆಂಪು ಧೂಳು ಬಹುತೇಕ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಮ್ಯಾಗ್ನೆಟ್‌ಗೆ ಅಷ್ಟಾಗಿ ಅಂಟದು, ಒಣಗಿದ್ದಾಗ ಕರೆಂಟನ್ನೂ ಸುಲಭಕ್ಕೆ ಹರಿಸದು. ಆದರೆ ಬೇರಿಂಗ್ ತಿನ್ನುತ್ತದೆ, ಕನೆಕ್ಟರಿನಲ್ಲಿ ಕೂತು ಹಿಡಿತ ಕೆಡಿಸುತ್ತದೆ. ಸ್ಪಾಂಜ್ ಐರನ್ ಕಾರ್ಖಾನೆಗಳ ಸುತ್ತ ಬೀಳುವ ಬೂದು ಧೂಳಿನಲ್ಲಿ ಲೋಹದ ಕಬ್ಬಿಣವೇ ಇರುತ್ತದೆ. ಅದು ಮೋಟರಿನ ಮ್ಯಾಗ್ನೆಟ್‌ಗೆ ಗಡ್ಡದ ಹಾಗೆ ಅಂಟಿಕೊಳ್ಳುತ್ತದೆ, ಕರೆಂಟನ್ನೂ ಹರಿಸಬಲ್ಲದು. ಅಂಥ ಕಡೆ ಓಡಿಸುವವರು ಕಂಟ್ರೋಲರಿನ ಡಬ್ಬಿಯ ಅಂಚಿಗೆ ಫೋಮ್ ಪಟ್ಟಿ ಹಚ್ಚಿ ಮುಚ್ಚಲೇಬೇಕು.

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ತೊಳೆಯುವಾಗ ಚಕ್ರವನ್ನು ಕೈಯಲ್ಲಿ ಹಿಡಿದುಕೊಳ್ಳಿ. ಗಾಳಿಗೆ ಮೋಟರ್ ಗಿರ್ರನೆ ತಿರುಗಿದರೆ ಅದೇ ಕರೆಂಟ್ ಹುಟ್ಟಿಸಿ ಕಂಟ್ರೋಲರಿಗೆ ಕಳಿಸುತ್ತದೆ.

ಮಳೆಯಲ್ಲಿ?

ಬೇಡ. ನೆನೆದರೆ ಮೊದಲು ಬ್ಯಾಟರಿ ಬಿಚ್ಚಿ, ಆಮೇಲೆ ಒರೆಸಿ, ಡಬ್ಬಿ ತೆರೆದು ಫ್ಯಾನಿನ ಕೆಳಗೆ ಎರಡು ದಿನ ಇಡಿ. ಎರೆ ಮಣ್ಣಿನ ಕೆಸರು ಹತ್ತಿದ್ದರೆ ಒಣಗುವ ಮುಂಚೆಯೇ ಬೆಲ್ಟಿನಿಂದ ತೆಗೆಯಿರಿ. ಒಣಗಿದ ಮೇಲೆ ಅದು ಇಟ್ಟಿಗೆ.

9900 ಎಂಎಎಚ್ ಸೆಲ್ ಅಗ್ಗಕ್ಕೆ ಸಿಕ್ತು, ಆದ್ರೂ ಮೂರು ಕಿಲೋಮೀಟರ್ ಹೋಗಲ್ಲ.

18650 ಅಳತೆಯ ಒಳ್ಳೆಯ ಸೆಲ್ 3500ರ ಆಸುಪಾಸು ಹಿಡಿಯುತ್ತದೆ. 9900 ಎಂದು ಬರೆದದ್ದು ಸುಳ್ಳು. ತಕ್ಕಡಿಯಲ್ಲಿ ತೂಗಿ: ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, ತೀರಾ ಹಗುರವಿದ್ದರೆ ಒಳಗೆ ಮಾಲೇ ಇಲ್ಲ. ನನಗೂ ಒಂದು ಅಂಗಡಿಯವರು ಹಳೇ ಲ್ಯಾಪ್‌ಟಾಪ್ ಸೆಲ್‌ಗಳಿಗೆ ಹೊಸ ಹೊದಿಕೆ ಹಾಕಿ ಮಾರಿದ್ದರು. ಲೆಕ್ಕಕ್ಕೆ, 2500ರ ಒಳ್ಳೆಯ ಸೆಲ್ ಮೂವತ್ತು ಹಾಕಿದರೆ 270 ವ್ಯಾಟ್ ಅವರ್. ಕಿಲೋಮೀಟರಿಗೆ 15 ಎಂದು ಹಿಡಿದರೂ 18 ಕಿಲೋಮೀಟರ್ ಸಿಗಬೇಕು.

ಮನೆಯ ಎಂಸಿಬಿ ಅಥವಾ ಕಾರಿನ ಫ್ಯೂಸ್ ಹಾಕಿದ್ರೆ ನಡೀತೈತಾ?

ಮನೆಯ ಎಂಸಿಬಿ ಎಸಿಗೆ ಮಾಡಿದ್ದು. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ಆಗ ಆರುತ್ತದೆ. ಡಿಸಿಯಲ್ಲಿ ಆ ಸೊನ್ನೆ ಬರುವುದೇ ಇಲ್ಲ, ಕಿಡಿ ಎಳೆದುಕೊಂಡು ಉರಿಯುತ್ತದೆ. ಕಾರಿನ ಸಾದಾ ಬ್ಲೇಡ್ ಫ್ಯೂಸ್ 32 ವೋಲ್ಟ್‌ವರೆಗಿನದು, ನಮ್ಮದು 42. ಡಿಸಿ 58 ವೋಲ್ಟ್ ಅಥವಾ ಹೆಚ್ಚು ಎಂದು ಬರೆದ ಫ್ಯೂಸನ್ನೇ ತನ್ನಿ.

ಬ್ಯಾಟರಿಯಿಂದ ಸಿಹಿ ವಾಸನೆ ಬರ್ತೈತೆ, ಒಂದು ಕಡೆ ಬಿಸಿ ಐತೆ. ಏನು ಮಾಡಲಿ?

ಓದುವುದನ್ನು ನಿಲ್ಲಿಸಿ ಅದನ್ನು ಬಯಲಿಗೆ ಒಯ್ಯಿರಿ. ಬಿಚ್ಚಿ ನೋಡಬೇಡಿ. ಹೊಗೆ ಶುರುವಾಗಿದ್ದರೆ ಮುಟ್ಟದೆ ಮನೆಯವರನ್ನೆಲ್ಲ ಹೊರಗೆ ಕರೆದು 112ಕ್ಕೆ ಫೋನ್ ಮಾಡಿ, ಆ ಹೊಗೆ ವಿಷ. ಬಯಲಿನಲ್ಲಿ ಹತ್ತಿಕೊಂಡರೆ ದೂರದಿಂದ ಧಾರಾಳ ನೀರು ಸುರಿಯಬಹುದು. ಪಕ್ಕದ ಸೆಲ್‌ಗಳನ್ನು ತಣ್ಣಗಾಗಿಸುವುದು ನೀರೇ. ಆರಿದ ಮೇಲೂ ಮತ್ತೆ ಹತ್ತಿಕೊಳ್ಳಬಹುದು, ಒಂದು ದಿನ ಹೊರಗೇ ಇರಲಿ.

ರಿಪೇರಿ ಆಯ್ತು. ಇನ್ನು ಹತ್ತಬಹುದಾ?

ಮೊದಲು ಮಗುಚಿಟ್ಟು ಐದು ನಿಮಿಷ ಚಕ್ರ ಓಡಿಸಿ, ಮಧ್ಯೆ ಮಧ್ಯೆ ಬ್ರೇಕ್ ಒತ್ತಿ, ಬೆಸುಗೆಗಳನ್ನು ಕೈಬೆರಳ ಹಿಂಬದಿಯಿಂದ ಮುಟ್ಟಿ ನೋಡಿ. ಆಮೇಲೆ ಹೆಲ್ಮೆಟ್, ಮೊಣಕೈ ಮೊಣಕಾಲಿನ ಪ್ಯಾಡ್ ಹಾಕಿಕೊಂಡು ಸಮತಟ್ಟಾದ ಖಾಲಿ ಮೈದಾನಕ್ಕೆ ಹೋಗಿ. ನಡೆಯುವ ವೇಗದಲ್ಲಿ ಹೋಗಿ ಬ್ರೇಕ್ ಹಿಡಿಯಿರಿ, ಹತ್ತು ಸಲ. ಓಡುವ ವೇಗದಲ್ಲಿ ಇನ್ನು ಹತ್ತು ಸಲ. ಇಪ್ಪತ್ತರಲ್ಲಿ ಒಂದು ಸಲ ಬ್ರೇಕ್ ತಪ್ಪಿದರೂ ಬೋರ್ಡನ್ನು ಕಂಕುಳಲ್ಲಿ ಹಿಡಿದು ನಡೆದುಕೊಂಡೇ ಮನೆಗೆ ಬನ್ನಿ. ಮೂರು ಬಲ್ಬ್ ಮತ್ತೆ ತೆಗೆಯಿರಿ.